ಮಷೀನಿನ ಹಿಂಬದಿ

ಬೀದರದ ಅಂಚಿನ ನೌಬಾದದ ವರ್ಕ್‌ಶಾಪುಗಳಲ್ಲಿ ಲೇಥ್ ಮಷೀನ್ ಓಡಿಸುವವರಿಗೆ ಬರವಿರಲಿಲ್ಲ. ಆದರೆ ಮಷೀನ್ ನಡುಗತೊಡಗಿತೆಂದರೆ ಎಲ್ಲರೂ ಸಲಾವೋದ್ದೀನನನ್ನೇ ಕರೆಯುತ್ತಿದ್ದರು.

ಲೇಥಿನಲ್ಲಿ ಕಬ್ಬಿಣದ ರಾಡು ಗರಗರ ತಿರುಗುತ್ತಿರುತ್ತದೆ, ಟೂಲು ಅದಕ್ಕೆ ಆತು ಸಿಪ್ಪೆ ಸುಲಿಯುತ್ತದೆ. ಎಲ್ಲ ಬಿಗಿಯಾಗಿದ್ದರೆ ಸಿಪ್ಪೆ ಸುರುಳಿಸುರುಳಿಯಾಗಿ ಕೆಳಗೆ ಬೀಳುತ್ತದೆ, ಸದ್ದೂ ಹಿತವಾಗಿರುತ್ತದೆ. ಎಲ್ಲಾದರೂ ಸಡಿಲಿದ್ದರೆ, ರಾಡು ತೆಳುವಾಗಿದ್ದರೆ, ಟೂಲು ಉದ್ದಕ್ಕೆ ಚಾಚಿಕೊಂಡಿದ್ದರೆ ಎರಡೂ ಒಂದನ್ನೊಂದು ದಬ್ಬತೊಡಗುತ್ತವೆ. ಆಗ ಕಿವಿ ಸೀಳುವ ಕಿರುಚಾಟ ಏಳುತ್ತದೆ. ಕನ್ನಡಿಯಂತೆ ಬರಬೇಕಾದ ಕಬ್ಬಿಣದ ಮೈಮೇಲೆ ಬಾಚಣಿಗೆ ಎಳೆದಂಥ ಗೆರೆಗಳು ಮೂಡುತ್ತವೆ. ಕೆಲಸಗಾರರು ಇದಕ್ಕೆ ಚಾಟರ್ ಎನ್ನುತ್ತಾರೆ.

ಸಲಾವೋದ್ದೀನ ಬಂದವನೇ ಸ್ವಿಚ್ಚಿಗೆ ಕೈಹಾಕುತ್ತಿರಲಿಲ್ಲ. ಮೊದಲು ಓಡುವ ಮಷೀನಿನ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದ. ನಡುಕ ಎಲ್ಲಿಂದ ಹೊರಟಿದೆ ಎಂದು ಅವನ ಕೈಗೆ ತಿಳಿಯುತ್ತಿತ್ತು. ಟೂಲನ್ನು ಒಳಕ್ಕೆ ಸರಿಸಿ ಗಿಡ್ಡ ಮಾಡಿ ಬಿಗಿಯುತ್ತಿದ್ದ, ಇಲ್ಲವೇ ಅದರ ಮೂತಿಗೆ ಹೊಸದಾಗಿ ಸಾಣೆ ಹಿಡಿಯುತ್ತಿದ್ದ. ಕೆಲವು ಕಡೆ ಮಷೀನಿನ ಕಾಲ ಕೆಳಗಿನ ಸಿಮೆಂಟೇ ಪೊಳ್ಳಾಗಿರುತ್ತಿತ್ತು. ಇನ್ನು ಕೆಲವು ಸಲ ವೇಗ ಬದಲಿಸಿದರೆ ಸಾಕು. ಒಂದು ವೇಗದಲ್ಲಿ ಕಿರುಚುವ ರಾಡು ಅದಕ್ಕಿಂತ ಕಡಿಮೆಯಲ್ಲೋ ಹೆಚ್ಚಿನಲ್ಲೋ ತೆಪ್ಪಗಾಗುತ್ತದೆ. ಇದನ್ನೆಲ್ಲ ಅವನು ಹರೆಯದಲ್ಲಿ ಭಾಲ್ಕಿಯ ಉಸ್ತಾದರೊಬ್ಬರ ಅಂಗಡಿಯಲ್ಲಿ ಬೈಗುಳ ತಿಂದು ಕಲಿತಿದ್ದ. ಈಗ ಗಡ್ಡ ನೆರೆತಿತ್ತು. ಬೀದರದ ಹಳೇ ಊರಿನ ಓಣಿಯಲ್ಲಿ ಹೆಂಡತಿ ಶಮೀಮಳ ಜೊತೆ ವಾಸ, ನೌಬಾದದ ಸುಶೀಲಕುಮಾರನ ವರ್ಕ್‌ಶಾಪಿನಲ್ಲಿ ಕೆಲಸ.

ಅದೇ ವರ್ಕ್‌ಶಾಪಿನಲ್ಲಿ ಹಾವಗೆಪ್ಪ ಇದ್ದ. ಔರಾದ ತಾಲೂಕಿನ ಚಿಂತಾಕಿಯವನು. ಕಸ ಗುಡಿಸುವ ಕೆಲಸಕ್ಕೆಂದು ಬಂದವನು, ಸಲಾವೋದ್ದೀನನ ಬೆನ್ನು ಬಿಡದೆ ನಿಂತು ಮಿಲ್ಲಿಂಗ್ ಮಷೀನ್ ಕಲಿತ. ಹಣೆಯ ತುಂಬ ವಿಭೂತಿ, ಬಾಯಲ್ಲಿ ಯಾವಾಗಲೂ ಒಂದು ವಚನದ ಗುನುಗು. ವಾರವಿಡೀ ನೌಬಾದದ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಊರಿಗೆ ಹೋಗುತ್ತಿದ್ದ. ಅಲ್ಲಿ ಹೆಂಡತಿ ವಿಮಲಾಬಾಯಿ ಹೊಲ ನೋಡಿಕೊಂಡಿದ್ದಳು. ಸೋಮವಾರ ಅವನ ಚೀಲದಲ್ಲಿ ಜೋಳದ ಕಟಿರೊಟ್ಟಿ, ಶೇಂಗಾ ಹಿಂಡಿ ಬರುತ್ತಿದ್ದವು. ಮಧ್ಯಾಹ್ನ ಇಬ್ಬರೂ ಕೂಡಿಯೇ ಉಣ್ಣುತ್ತಿದ್ದರು. ಶಮೀಮ ಕಳಿಸಿದ ಹುಳಿಹುಳಿ ಖಟ್ಟಾ ಬೇಳೆಯೆಂದರೆ ಹಾವಗೆಪ್ಪನಿಗೆ ಜೀವ.

ಆ ವರ್ಷ ಕಬ್ಬಿನ ಹಂಗಾಮು ಶುರುವಾಗುವ ಮುಂಚೆ ಸುಶೀಲಕುಮಾರನಿಗೆ ಟ್ರ್ಯಾಕ್ಟರ್ ಟ್ರಾಲಿಯ ಪಿನ್ನುಗಳ ದೊಡ್ಡ ಕೆಲಸ ಸಿಕ್ಕಿತು. ಒಂದೇ ಉದ್ದ ರಾಡಿನಿಂದ ಪಿನ್ನು ಮಾಡಿ ಕತ್ತರಿಸುತ್ತ ಹೋಗುವುದು. ಲೇಥಿನ ತಲೆ ಕೊಳವೆಯಂತೆ ಪೊಳ್ಳಾಗಿರುತ್ತದೆ. ರಾಡನ್ನು ಹಿಂದಿನಿಂದ ಅದರೊಳಗೆ ತೂರಿಸಿ ಮುಂದಿನ ತುದಿಯನ್ನು ಚಕ್ಕಿನ ದವಡೆಗಳಲ್ಲಿ ಕಚ್ಚಿಸುತ್ತಾರೆ. ಹಿಂದೆ ಉಳಿದ ಬಾಲ ಮಷೀನಿನ ಬೆನ್ನಿನಾಚೆ ಚಾಚಿಕೊಂಡು ತಾನೂ ತಿರುಗುತ್ತದೆ. ಅದು ಓಲಾಡದಿರಲಿ ಎಂದು ಹಿಂದೆ ಒಂದು ಸ್ಟ್ಯಾಂಡು. ನೆಲಕ್ಕೆ ಬೋಲ್ಟು ಹಾಕಿದ ಕಾಲು, ಮೇಲೆ ದಪ್ಪ ಪೈಪು. ಬಾಲ ಆ ಪೈಪಿನೊಳಗೆ ಅಡಗಿರಬೇಕು.

ಅದೇ ದಿನಗಳಲ್ಲಿ ಸುಶೀಲಕುಮಾರ ಎಲ್ಲಿಂದಲೋ ಹಳೆಯ ಡ್ರಿಲ್ಲಿಂಗ್ ಮಷೀನೊಂದನ್ನು ತಂದ. ಇಡಲು ಜಾಗವಿರಲಿಲ್ಲ. ಸ್ಟ್ಯಾಂಡು ಬಿಚ್ಚಿ ಹೊರಗೆ ತಗಡಿನ ಗೋಡೆಗೆ ಒರಗಿಸಿ ಆ ಜಾಗದಲ್ಲಿ ಅದನ್ನು ನಿಲ್ಲಿಸಿದರು.

"ಮಾಲಕ್ರ, ಸ್ಟ್ಯಾಂಡ್ ಇಲ್ದ ಉದ್ದ ರಾಡ್ ಹಾಕ್ಲಾಕ ಬರಲ್ರಿ," ಎಂದ ಸಲಾವೋದ್ದೀನ.

"ಸದ್ಯ ಕತ್ತರ್ಸಿ ಗಿಡ್ಡ ಮಾಡಿ ಹಾಕ್ರಿ ಭಾಯಿ. ಆಚಿ ಕಡಿ ಶೆಡ್ ಹಾಕಸ್ತೇನಿ, ಆಗ ಎಲ್ಲಾ ಸರಿ ಆಗ್ತದ."

ಕೆಲವು ದಿನ ಹಾಗೇ ನಡೆಯಿತು. ಕತ್ತರಿಸಿದ ತುಂಡು ಮಷೀನಿನ ಹೊಟ್ಟೆಯೊಳಗೇ ಅಡಗುತ್ತಿತ್ತು. ಆಮೇಲೆ ಒಂದು ದಿನ ಮುಂಜಾನೆಯಿಂದ ಕರೆಂಟು ಹೋಗಿ ಮಧ್ಯಾಹ್ನ ಬಂತು. ಮಾಲು ಒಯ್ಯುವ ಗಾಡಿ ಸಂಜೆಗೆ ಬರುವುದಿತ್ತು.

"ಇವತ್ತೊಂದಿನ ಪೂರಾ ರಾಡೇ ಹಾಕ್ರಿ," ಎಂದ ಸುಶೀಲಕುಮಾರ. "ಕತ್ತರಸ್ಕೋತ ಕೂತ್ರ ಮುಗ್ಯಾಂಗಿಲ್ಲ."

ಸಲಾವೋದ್ದೀನ ಖಾಲಿ ಜಾಗದತ್ತ ನೋಡಿದ. ಬೇಡ ಎನ್ನಬಹುದಿತ್ತು, ಅನ್ನಲಿಲ್ಲ. ನಿಧಾನ ಓಡಿಸಿದರೆ ಏನೂ ಆಗದು ಎಂದುಕೊಂಡ.

ನಿಧಾನ ಓಡಿಸಿದಾಗ ಏನೂ ಆಗಲೂ ಇಲ್ಲ. ಆದರೆ ಕೆಲಸ ಸಾಗಲಿಲ್ಲ. ವೇಗ ತುಸು ಏರಿಸಿದ, ಚಾಟರ್ ಎದ್ದಿತು. ಟೂಲು ಗಿಡ್ಡ ಮಾಡಿ ಬಿಗಿದ, ಸಾಣೆ ಹಿಡಿದ, ಮತ್ತೆ ಓಡಿಸಿದ. ರಾಡು ಮತ್ತೆ ಕಿರುಚಿತು.

ಸುಶೀಲಕುಮಾರ ಬಾಗಿಲಲ್ಲಿ ನಿಂತಿದ್ದ. "ಇನ್ನೂ ಏರ್ಸಿ ನೋಡ್ರಿ ಸಲಾವಭಾಯಿ. ಮೇಲಿನ ಸ್ಪೀಡಿಗಿ ಸುಮ್ನ ಆಗ್ತದ ಅಂತ ನೀವೇ ಅಂತಿದ್ರಲ್ಲ."

ಸಲಾವೋದ್ದೀನ ಗೇರು ಬದಲಿಸಿ ವೇಗ ಏರಿಸಿದ. ಕಿರುಚಾಟ ಥಟ್ಟನೆ ನಿಂತಿತು. ಟೂಲು ಬೆಣ್ಣೆ ಕೊಯ್ದಂತೆ ಹೋಗತೊಡಗಿತು, ಸಿಪ್ಪೆ ಒಂದೇ ಎಳೆಯಾಗಿ ಇಳಿಯಿತು. ಅವನು ಬಗ್ಗಿ ಪಿನ್ನಿನ ಹೊಳಪು ನೋಡಿದ. ಮನಸ್ಸಿಗೆ ಸಮಾಧಾನವೂ ಆಯಿತು.

ಅಷ್ಟರಲ್ಲಿ ಹಾವಗೆಪ್ಪ ಒಂದು ಪಟ್ಟಿಗೆ ತೂತು ಹಾಕಲು ಹಿಂದಿನ ಡ್ರಿಲ್ಲಿಂಗ್ ಮಷೀನಿನ ಬಳಿ ಹೋಗಿದ್ದ. ಲೇಥಿಗೆ ಬೆನ್ನು ಮಾಡಿ ನಿಂತಿದ್ದ.

ಮುಂದೆ ಅಡಗಿದ ನಡುಕ ಹಿಂದೆ ಎದ್ದಿತ್ತು. ಆಸರೆಯಿಲ್ಲದ ಬಾಲ ಆ ವೇಗದಲ್ಲಿ ಮೊದಲು ಕೂದಲೆಳೆಯಷ್ಟು ಬಾಗಿರಬೇಕು. ಬಾಗಿದ್ದನ್ನು ತಿರುಗುವ ರಭಸ ಇನ್ನಷ್ಟು ಹೊರಕ್ಕೆ ಎಳೆಯಿತು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಅದು ಸೊಟ್ಟಗೆ ಮಡಚಿಕೊಂಡು ಬಡಿಗೆಯಂತೆ ಗಾಳಿಯಲ್ಲಿ ಬೀಸತೊಡಗಿತು. ಇಡೀ ಲೇಥು ನೆಲದಿಂದ ಕುಪ್ಪಳಿಸಿತು. ಸಲಾವೋದ್ದೀನ ಸ್ವಿಚ್ಚು ಗುದ್ದಿದ. ಸಾಣೆಯ ಹತ್ತಿರವಿದ್ದ ಅರ್ಫಾತ ಎಂಬ ಕೆಲಸಗಾರ ಓಡಿಹೋಗಿ ಮೇನ್ ಸ್ವಿಚ್ಚು ಕೆಡವಿದ. ಮಷೀನು ನಿಂತಿತು. ಹಾವಗೆಪ್ಪ ಡ್ರಿಲ್ಲಿಂಗ್ ಮಷೀನಿನ ಬುಡದಲ್ಲಿ ಬಿದ್ದಿದ್ದ. ಪೆಟ್ಟು ತಲೆಯ ಹಿಂದಕ್ಕೆ ಬಿದ್ದಿತ್ತು.

ಸುಶೀಲಕುಮಾರನ ಕಾರಿನಲ್ಲೇ ಒಯ್ದರು. ಸಲಾವೋದ್ದೀನ ಗೆಳೆಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಆಸ್ಪತ್ರೆಯ ಗೇಟು ದಾಟುವ ಮೊದಲೇ ಉಸಿರು ನಿಂತದ್ದು ಅವನಿಗೆ ತಿಳಿಯಿತು.

ಹಾವಗೆಪ್ಪನ ಚೀಲ ತರಲೆಂದು ಸಂಜೆ ಅವನು ವರ್ಕ್‌ಶಾಪಿಗೆ ಮರಳಿದಾಗ ಡ್ರಿಲ್ಲಿಂಗ್ ಮಷೀನು ಅಲ್ಲಿರಲಿಲ್ಲ. ಲೇಥಿನ ಹಿಂದೆ ಸ್ಟ್ಯಾಂಡು ನಿಂತಿತ್ತು. ಅರ್ಫಾತ ಮಂಡಿಯೂರಿ ಅದರ ಬೋಲ್ಟು ಬಿಗಿಯುತ್ತಿದ್ದ. ತಲೆ ಎತ್ತಲಿಲ್ಲ.

ಸುಶೀಲಕುಮಾರನ ಕಣ್ಣುಗಳು ಕೆಂಪಾಗಿದ್ದವು. ಅವನು ಅತ್ತದ್ದು ಸುಳ್ಳಲ್ಲ. ಸಲಾವೋದ್ದೀನನ ಎರಡೂ ಕೈ ಹಿಡಿದುಕೊಂಡ.

"ಹೋದಾಂವ ಬರಾಂಗಿಲ್ಲ ಭಾಯಿ. ಸ್ಟ್ಯಾಂಡ್ ಇದ್ದಿಲ್ಲ ಅಂದ್ರ ನಾ ಜೇಲಿಗಿ ಹೋಗ್ತೇನಿ, ವರ್ಕ್‌ಶಾಪಿಗಿ ಕೀಲಿ ಬೀಳ್ತದ. ಇಷ್ಟ್ ಮಂದಿ ಎಲ್ಲಿಗಿ ಹೋಗಬೇಕು? ಸ್ಪೀಡ್ ಏರ್ಸಿದ್ದು ನಿಮ್ಮ ಕೈ. ನಿಮ್ಮ ಮ್ಯಾಲೂ ಕೇಸ್ ಆಗ್ತದ. ಸ್ಟ್ಯಾಂಡ್ ಇತ್ತು, ಹಾದಿ ಮಾಡ್ಕೊಳ್ಳಾಕ ಅವನೇ ಪೈಪ್ ಸರ್ಸಿದ ಅಂತ ಹೇಳ್ರಿ. ಅಷ್ಟೇ."

ಪೊಲೀಸರು ಬರೆದುಕೊಂಡದ್ದಕ್ಕೆ ಸಲಾವೋದ್ದೀನ ಸಹಿ ಹಾಕಿದ. ಕೆಲವು ದಿನದ ಮೇಲೆ ಕಾರ್ಖಾನೆ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ತಿಳಿದ ಮನುಷ್ಯ. ಬಂದವರು ನೇರವಾಗಿ ಮಷೀನಿನ ಹಿಂದೆ ಹೋಗಿ ಸ್ಟ್ಯಾಂಡಿನ ಬುಡದಲ್ಲಿ ಕೂತರು.

"ಈ ಬೋಲ್ಟು ಹೊಸಾವು ಅವ ಅಲ್ಲ?"

"ಹಳೇವು ತುಕ್ಕು ಹಿಡದಿದ್ವು ಸರ್. ಬದಲಿ ಮಾಡೀವಿ," ಎಂದ ಸುಶೀಲಕುಮಾರ.

ಇನ್ಸ್‌ಪೆಕ್ಟರು ಸಲಾವೋದ್ದೀನನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಸಲಾವೋದ್ದೀನ ನೆಲ ನೋಡುತ್ತ ನಿಂತ.

ಅದಕ್ಕೂ ಮುಂಚೆ, ಚಿಂತಾಕಿಯಲ್ಲಿ ಹಾವಗೆಪ್ಪನ ಮಣ್ಣಾದ ದಿನ, ವಿಮಲಾಬಾಯಿ ಅವನನ್ನು ಒಂದು ಮಾತು ಕೇಳಿದ್ದಳು. ಜಂಗಮರು ಹೋಗಿ, ಮಂದಿ ಕರಗಿ, ಅಂಗಳದಲ್ಲಿ ನಾಲ್ಕು ಹೆಂಗಸರಷ್ಟೇ ಉಳಿದಿದ್ದರು.

"ಪೈಪ್ ಅವರೇ ಸರ್ಸಿದ್ರು ಅಂತ ಹೇಳ್ಲತ್ಯಾರ. ಖರೇ ಏನ್ರಿ ಭಾಯಿ?"

"ಸಬರ್ ಮಾಡ್ರಿ ವೈನಿ, ಸಮಾಧಾನ ಮಾಡ್ಕೋರಿ," ಎಂದಷ್ಟೇ ಹೇಳಿ ಅವನು ಎದ್ದು ಬಂದ. ಅವನು ಅಲ್ಲ ಎನ್ನದಿದ್ದುದನ್ನು ಅಲ್ಲಿದ್ದವರು ಹೌದು ಎಂದೇ ತಿಳಿದರು. ಹಾವಗೆಪ್ಪ ತನ್ನ ಕೈಯಿಂದ ತಾನೇ ಸತ್ತ ಎಂಬ ಮಾತು ಊರಲ್ಲಿ ನಿಂತುಬಿಟ್ಟಿತು.

ಸಲಾವೋದ್ದೀನ ಅದೇ ಲೇಥಿನ ಮುಂದೆ ಮತ್ತೆ ನಿಂತ. ಆದರೆ ಕೈ ಮೊದಲಿನಂತಿರಲಿಲ್ಲ. ಮಷೀನಿನ ಮೇಲೆ ಅಂಗೈ ಇಟ್ಟರೆ ನಡುಕ ಮಷೀನಿನದೋ ತನ್ನದೋ ತಿಳಿಯುತ್ತಿರಲಿಲ್ಲ. ವೇಗ ಏರಿಸುವ ಹೊತ್ತು ಬಂದರೆ ಹಿಡಿಕೆ ಬಿಟ್ಟು ಹಿಂದೆ ಹೋಗಿ ನೋಡಿ ಬರುತ್ತಿದ್ದ. ಮತ್ತೆ ಹೋಗುತ್ತಿದ್ದ. ಬುತ್ತಿಯನ್ನು ಬಿಚ್ಚದೆ ವಾಪಸು ತರುತ್ತಿದ್ದ. ಶಮೀಮ ಮೊದಲು ಬೈದಳು, ಆಮೇಲೆ ಕೇಳಿದಳು. ಅವನು ಎಲ್ಲ ಹೇಳಿದ.

"ಆ ಹೆಣ್ಮಗಳಿಗಿ ಹೇಳ್ರಿ," ಎಂದಳು ಅವಳು.

"ಹೇಳಿದ್ರ ಹೊಟ್ಟಿಗಿ ಏನು?"

"ಈಗರ ಏನು ಉಣ್ಲತ್ತೀರಿ ನೀವು?"

ಅಷ್ಟಾದರೂ ಅವನು ಚಿಂತಾಕಿಗೆ ಹೋಗಲಿಲ್ಲ. ವಿಮಲಾಬಾಯಿಯೇ ಒಂದು ಮುಂಜಾನೆ ಬೀದರಕ್ಕೆ ಬಂದು, ಕೇಳುತ್ತ ಕೇಳುತ್ತ ಅವರ ಓಣಿ ಹುಡುಕಿಕೊಂಡು ಬಂದಳು. ಶಮೀಮ ಚಹಾ ಕೊಟ್ಟಳು. ವಿಮಲಾಬಾಯಿ ಬಟ್ಟಲನ್ನು ಕೈಯಲ್ಲಿ ಹಿಡಿದಳೇ ಹೊರತು ಬಾಯಿಗೆ ಒಯ್ಯಲಿಲ್ಲ.

"ಊರಾಗ ನನಗ ಮಾರಿ ತೋರ್ಸಾಕ ಆಗ್ಲತ್ತಿಲ್ರಿ. ಬುದ್ಧಿಗೇಡಿ ಸಾವು ಅಂತಾರ. ಮನ್ಯಾಗ ಎಲಿ ಅಡಕಿ ಡಬ್ಬಿ ಸುದ್ದಾ ನನ್ನ ಕೇಳ್ದ ಸರಸ್ತಿದ್ದಿಲ್ಲ ಆ ಮನಷ್ಯಾ. ಓಡೋ ಮಷೀನಿನ ಪೈಪ್ ಸರಸ್ತಾರ? ಆ ಮಷೀನ್ ಹ್ಯಾಂಗ ಇರ್ತದ, ಹ್ಯಾಂಗ ಬಡೀತು, ನಾ ಕಣ್ಣಿಲೆ ನೋಡಬೇಕು. ತೋರ್ಸ್ರಿ."

ಶಮೀಮ ಗಂಡನ ಕಡೆ ನೋಡಿದಳು. ಸಲಾವೋದ್ದೀನ ಎದ್ದು ಚಪ್ಪಲಿ ಮೆಟ್ಟಿದ.

ನೌಬಾದಕ್ಕೆ ಕರೆದೊಯ್ಯುವಂತಿರಲಿಲ್ಲ. ಇಬ್ಬರೂ ಭಾಲ್ಕಿಯ ಬಸ್ಸು ಹತ್ತಿದರು. ಉಸ್ತಾದರು ತೀರಿಹೋಗಿದ್ದರು. ಅವರ ಮಗ ಫರ್ದೀನ ಅಂಗಡಿ ನಡೆಸುತ್ತಿದ್ದ. ವಿಷಯ ಕೇಳಿ ಅವನು ಲೇಥನ್ನು ಬಿಟ್ಟುಕೊಟ್ಟು ಹೊರಗೆ ಹೋಗಿ ನಿಂತ.

ಸಲಾವೋದ್ದೀನ ವಿಮಲಾಬಾಯಿಯನ್ನು ಮಷೀನಿನ ಮುಂಬದಿಯಲ್ಲಿ, ದೂರ ಗೋಡೆಯ ಹತ್ತಿರ ನಿಲ್ಲಿಸಿದ. ಬೆರಳಿಗಿಂತ ತೆಳುವಾದ ಒಂದು ಸರಳು ಹುಡುಕಿದ. ಹಿಂದೆ ಯಾರೂ ಬರದಂತೆ ಬೆಂಚು ಅಡ್ಡ ಇಟ್ಟ. ಸರಳನ್ನು ತೂರಿಸಿ ಅದರ ಬಾಲ ಹಿಂದೆ ತುಸುವೇ ಚಾಚುವಂತೆ ಬಿಟ್ಟು ನಿಧಾನಕ್ಕೆ ಓಡಿಸಿದ.

"ಈಗ ನೋಡ್ರಿ ವೈನಿ, ಸೀದಾ ಅದ."

ಟೂಲು ಕೊಟ್ಟು ವೇಗ ಏರಿಸಿದ. ಸರಳು ಕಿರುಚಿತು. ವಿಮಲಾಬಾಯಿ ಕಿವಿ ಮುಚ್ಚಿಕೊಂಡಳು. ಅವನು ಇನ್ನೊಂದು ಗೇರು ಏರಿಸಿದ, ಕಿರುಚಾಟ ಅಡಗಿತು.

"ನನ್ನ ಲಕ್ಷ್ಯ ಇಲ್ಲಿತ್ತು. ಇಲ್ಲಿ ಸುಮ್ನ ಆಯ್ತು. ಅಲ್ಲಿ ನೋಡ್ರಿ ಈಗ."

ಹಿಂದೆ ಸರಳಿನ ತುದಿ ಮಸುಕಾಗಿತ್ತು. ಒಂದೇ ಸರಳು ಎರಡಾಗಿ, ನಾಲ್ಕಾಗಿ ಕಾಣುತ್ತಿತ್ತು. ಮಸುಕು ಅಗಲವಾಗುತ್ತ ಹೋಯಿತು. ಮಷೀನಿನ ತಗಡು ಸಣ್ಣಗೆ ಗದಗುಟ್ಟಿತು.

"ಸಾಕ್ರಿ!" ಎಂದಳು ವಿಮಲಾಬಾಯಿ. "ಸಾಕು, ಬಂದ ಮಾಡ್ರಿ!"

ಅವನು ನಿಲ್ಲಿಸಿದ. ಅವಳು ಮಷೀನಿನ ಹಿಂದೆ ಹೋಗಿ ಸರಳಿನ ತುದಿ ಮುಟ್ಟಿ ನೋಡಿದಳು. ಬೆರಳನ್ನು ಥಟ್ಟನೆ ಹಿಂದಕ್ಕೆ ತೆಗೆದಳು.

"ಅವರು ಎಲ್ಲಿ ನಿಂತಿದ್ರು?"

"ಅಲ್ಲೇ. ಈ ಕಡಿ ಬೆನ್ನು ಮಾಡಿ."

"ಅಂದ್ರ ನೋಡ್ಲೇ ಇಲ್ಲ."

"ನೋಡ್ಲಿಲ್ರಿ. ಮಾಲಕ್ರು ಡ್ರಿಲ್ ಮಷೀನ್ ಅಲ್ಲಿ ಇಟ್ಟಿದ್ರು, ಅದಕ್ಕ ಅಲ್ಲಿಗಿ ಹೋಗಿದ್ದ."

"ಪೈಪ್?"

"ಪೈಪ್ ಇದ್ದಿಲ್ಲ. ಸ್ಟ್ಯಾಂಡೇ ಇದ್ದಿಲ್ಲ ವೈನಿ. ಹೊರಗ ಬಿದ್ದಿತ್ತು. ಅವನು ಸತ್ತ ಮ್ಯಾಲ ತಂದು ಹಚ್ಚಿದ್ರು."

"ಸ್ಪೀಡ್ ಏರ್ಸಿದವರು ಯಾರು?"

"ನಾನೇ ರಿ."

ಅವಳು ಅವನಿಗೆ ಬೈಯಲಿಲ್ಲ, ಅಳಲೂ ಇಲ್ಲ. ಸೆರಗು ಬಿಗಿದು ಸುತ್ತಿಕೊಂಡಳು. "ಇದೆಲ್ಲಾ ಕೋರ್ಟಿನ್ಯಾಗ ಹೇಳ್ರಿ. ಸ್ಪೀಡ್ ಏರ್ಸಿದ್ದು ಸುದ್ದಾ ಹೇಳ್ರಿ," ಎಂದಳು.

ಅವನು ಹೇಳಿದ. ಮರುದಿನವೇ ಸುಶೀಲಕುಮಾರನ ಎದುರು ನಿಂತು ತಿಳಿಸಿ, ಕೆಲಸ ಬಿಟ್ಟು, ಪೊಲೀಸರ ಬಳಿ ಹೋಗಿ ಹೇಳಿದ. ಸುಶೀಲಕುಮಾರ ಬೈಯಲಿಲ್ಲ. "ನಿಮ್ಮ ಕೈ ಸೋತದಂತ ಎಲ್ಲಾರಿಗೂ ಗೊತ್ತದ ಭಾಯಿ, ಈಗ ತಲಿನೂ ಸೋತದ," ಎಂದ. ಆ ಮಾತು ನೌಬಾದದಲ್ಲಿ ಹಬ್ಬಿತು. ಮೊದಲೆಲ್ಲ ಮಷೀನು ನಡುಗಿದರೆ ಗಾಡಿ ಕಳಿಸಿ ಕರೆಸುತ್ತಿದ್ದವರು ಈಗ ಇವನು ಬಂದರೆ ಕೆಲಸವಿಲ್ಲ ಎನ್ನತೊಡಗಿದರು.

ಸುಶೀಲಕುಮಾರನ ಮೇಲೆ ಕೇಸು ಕೋರ್ಟಿಗೆ ಹೋಯಿತು. ವಿಚಾರಣೆ ಎಳೆದು ಎಳೆದು ಕೊನೆಗೆ ಸಾಕ್ಷಿ ಹೇಳಲು ಸಲಾವೋದ್ದೀನನ ಸರದಿ ಬಂತು. ಸುಶೀಲಕುಮಾರನ ವಕೀಲ ದನಿ ಏರಿಸದೆಯೇ ಕೇಳಿದ.

"ಸ್ಟ್ಯಾಂಡ್ ಇತ್ತು ಅಂತ ಸಹಿ ಮಾಡಿದವರು ನೀವೇ ಅಲ್ಲ?"

"ಹೌದ್ರಿ. ಅದು ಸುಳ್ಳ."

"ಯಾಕ ಸುಳ್ಳ ಹೇಳಿದ್ರಿ?"

"ಅಂಜಿದ್ದೆ."

"ಈಗ ಕೆಲಸ ಹೋಗ್ಯದ. ಸಿಟ್ಟು ಇಲ್ಲೇನು?"

"ಕೆಲಸ ನಾನೇ ಬಿಟ್ಟೀನ್ರಿ."

"ಸ್ಪೀಡ್ ಏರ್ಸಿದವರೂ ನೀವೇ. ಸ್ವಂತ ತಪ್ಪು ಮಾಲಕರ ಮ್ಯಾಲ ಹಾಕ್ಲತ್ತೀರಿ, ಹೌದಿಲ್ಲ?"

ಸಲಾವೋದ್ದೀನ ವೇಗ, ಬಾಲ, ಪೈಪು ಎಂದು ವಿವರಿಸಲು ಹೋದ. ಕೇಳಿದ್ದಕ್ಕಷ್ಟೇ ಉತ್ತರ ಹೇಳಿ ಎಂದರು ನ್ಯಾಯಾಧೀಶರು.

ಅರ್ಫಾತನನ್ನು ಕರೆದರು. ಸ್ಟ್ಯಾಂಡು ಯಾವಾಗಲೂ ಅಲ್ಲೇ ಇತ್ತು ಎಂದ. ಹೇಳುವಾಗ ಒಮ್ಮೆ ಸಲಾವೋದ್ದೀನನತ್ತ ನೋಡಿದ. ಸುಳ್ಳಿಗೆ ಸಹಿ ಹಾಕಿದ ದಿನ ತನಗಿದ್ದ ಅಂಜಿಕೆಯೇ ಆ ನೋಟದಲ್ಲಿರುವುದು ಸಲಾವೋದ್ದೀನನಿಗೆ ತಿಳಿಯಿತು. ಇನ್ಸ್‌ಪೆಕ್ಟರು ಬೋಲ್ಟು ಹೊಸವಾಗಿದ್ದವು ಎಂದು ಬರೆದಿದ್ದರು. ಆದರೆ ಹೊಸ ಬೋಲ್ಟು ಇದ್ದ ಮಾತ್ರಕ್ಕೆ ಹಿಂದೆ ಸ್ಟ್ಯಾಂಡು ಇರಲಿಲ್ಲ ಎಂದು ಹೇಳಲಾಗದು ಎಂದಿತು ಕೋರ್ಟು. ಎರಡು ಬಗೆಯಲ್ಲಿ ಮಾತಾಡಿದ ಸಾಕ್ಷಿಯನ್ನು ನಂಬಲು ಬರುವುದಿಲ್ಲ, ಮೃತನ ಅಜಾಗರೂಕತೆಯನ್ನೂ ತಳ್ಳಿಹಾಕಲು ಬರುವುದಿಲ್ಲ. ಸುಶೀಲಕುಮಾರ ಬಿಡುಗಡೆಯಾದ.

ವಕೀಲರೊಬ್ಬರು ತೀರ್ಪನ್ನು ವಿಮಲಾಬಾಯಿಗೆ ತಿಳಿಯುವಂತೆ ಬಿಡಿಸಿ ಹೇಳಿದರು. ಅವಳು ಅಜಾಗರೂಕತೆ ಎಂದರೇನು ಎಂದು ಕೇಳಿದಳು. ಲಕ್ಷ್ಯ ಇಲ್ಲದಿರುವುದು ಎಂದರು. ಅವಳು ತಲೆಯಾಡಿಸಿ ಹೊರಗೆ ಬಂದಳು.

ಹೊರಗೆ ಬೇವಿನ ಗಿಡದ ಕೆಳಗೆ ಸಲಾವೋದ್ದೀನ ನಿಂತಿದ್ದ. ಅವಳು ಅವನನ್ನು ದಾಟಿ ಎರಡು ಹೆಜ್ಜೆ ಹೋಗಿ ತಿರುಗಿದಳು.

"ಮೊದಲ ದಿನಾನೇ ಹೇಳಿದ್ರ ನಡೀತಿತ್ತು ಭಾಯಿ. ನಾ ಅಂಗಳದಾಗ ಕೇಳ್ದಾಗೇ."

"ಹೌದ್ರಿ ವೈನಿ."

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ ಅಂದ್ರ ಸುಳ್ಳ ಆಗ್ತದ. ಆದ್ರ ಖರೇ ಹೇಳಿದವರು ನೀವೊಬ್ಬರೇ. ವರ್ಷದ ಪೂಜಿಗಿ ನೀವು ಬರಬ್ಯಾಡ್ರಿ. ನಿಮಗ ಊಟಕ್ಕ ಬಡ್ಸಾಕ ನನ್ನ ಕೈಲಿಂದ ಆಗಾಂಗಿಲ್ಲ."

ಅವನು ಆಗಲಿ ಎಂದ. ಅವಳು ಔರಾದ ಬಸ್ಸಿಗೆ ಹೋದಳು.

ಚಿಂತಾಕಿಯಲ್ಲಿ ಅವಳು ಸುಮ್ಮನೆ ಕೂರಲಿಲ್ಲವೆಂದು ಆಮೇಲೆ ತಿಳಿಯಿತು. ಬಂದವರ ಮುಂದೆಲ್ಲ ಕಸಬರಿಗೆಯ ಕಡ್ಡಿಯೊಂದನ್ನು ಎರಡು ಬೆರಳಲ್ಲಿ ಹಿಡಿದು ತಿರುವಿ, ರಾಡು ಹೇಗೆ ಬಾಗುತ್ತದೆ, ಬೆನ್ನು ಮಾಡಿ ನಿಂತವನಿಗೆ ಹೇಗೆ ಬಡಿಯುತ್ತದೆ ಎಂದು ತೋರಿಸುತ್ತಾಳಂತೆ. ಕೆಲವರು ನಂಬುತ್ತಾರೆ. ಕೆಲವರು ಪಾಪ ಎಂದು ಎದ್ದುಹೋಗುತ್ತಾರೆ.

ಸಲಾವೋದ್ದೀನ ಈಗ ಭಾಲ್ಕಿಯಲ್ಲಿ ಫರ್ದೀನನ ಅಂಗಡಿಯಲ್ಲಿದ್ದಾನೆ. ಬೇರೆ ಕೆಲಸ ಬಾರದು, ಹೊಟ್ಟೆ ಕೇಳಬೇಕಲ್ಲ. ಬುಶ್ಶು, ನಟ್ಟು, ಪಂಪಿನ ಗಿಡ್ಡ ಶಾಫ್ಟು, ಇಂಥವನ್ನಷ್ಟೇ ಮಾಡುತ್ತಾನೆ. ಉದ್ದ ರಾಡು ಹೊತ್ತು ಬಂದವರನ್ನು ವಾಪಸು ಕಳಿಸುತ್ತಾನೆ. ಅವರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಹಿಂದೆ ಆಸರೆಯಿಲ್ಲದೆಯೇ ಓಡಿಸುತ್ತಾರೆ. ಒಮ್ಮೆ ಹೋಗಿ ಹೇಳಿದ್ದ. ಒಂದು ಪೈಪು ಹಚ್ಚಿಸಿ, ನಾನೇ ಮಾಡಿಕೊಡುತ್ತೇನೆ ಎಂದಿದ್ದ.

"ನಿಮ್ಮ ಕೆಲಸ ನೀವು ನೋಡ್ಕೋರಿ ಚಾಚಾ," ಎಂದರು. ಬೀದರದ ಸುದ್ದಿ ಅವರಿಗೂ ತಲುಪಿತ್ತು.

ನಡುವೆ ಒಂದೇ ಗೋಡೆ. ಆ ಕಡೆ ರಾಡು ಕಿರುಚುವುದು, ಆಮೇಲೆ ಯಾರೋ ವೇಗ ಏರಿಸುವುದು, ಕಿರುಚಾಟ ಥಟ್ಟನೆ ನಿಲ್ಲುವುದು ಎಲ್ಲ ಕೇಳಿಸುತ್ತದೆ. ಸದ್ದು ನಿಂತೊಡನೆ ಸಲಾವೋದ್ದೀನ ತನ್ನ ಮಷೀನು ಬಂದ್ ಮಾಡುತ್ತಾನೆ. ಕೈಯಲ್ಲಿದ್ದುದನ್ನು ಕೆಳಗಿಟ್ಟು ಬೀದಿಗೆ ಬಂದು, ಪಕ್ಕದ ಅಂಗಡಿಯಲ್ಲಿ ಮತ್ತೆ ಮಾತಿನ ದನಿ ಕೇಳುವವರೆಗೂ ನಿಂತಿರುತ್ತಾನೆ.